ಎಲ್ವರ್ಟನ್ನರ ಮೂರನೆಯ ಮಗ

ಯಲ್ಲಾಪುರದ ಜೀನತ್ ಟೀಚರ್‌ಗೆ ಇಂಗ್ಲೆಂಡಿನ ಎಲ್ವರ್ಟನ್ ಮನೆತನದ ಒಂಬತ್ತು ತಲೆಮಾರಿನ ಹೆಸರುಗಳು ಬಾಯಿಪಾಠವಾಗಿದ್ದವು. ಊರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಆಕೆ ಅಪ್ಪನ ಹಳೇ ಲಾರಿ ಆಫೀಸಿನ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಳು. ಕೆಳಗಿನ ಆಫೀಸು ಈಗ ಟೈರ್ ಅಂಗಡಿ. ತಮ್ಮ ಆರಿಫ್ ಶಿರಸಿಯಲ್ಲಿ ಲಾರಿ, ಕಾರು ಇಟ್ಟುಕೊಂಡು ವ್ಯವಹಾರ ಮಾಡುತ್ತಿದ್ದ. ತಿಂಗಳಿಗೊಮ್ಮೆ ಬಂದು ಗ್ಯಾಸು, ಅಕ್ಕಿ ಇದೆಯೋ ಇಲ್ಲವೋ ನೋಡಿ ಹೋಗುತ್ತಿದ್ದ. ಉಳಿದ ದಿನಗಳಲ್ಲಿ ಆಕೆಯನ್ನು ಮಾತಾಡಿಸುವವರು ಹಾಲಿನವನೊಬ್ಬನೇ. ಅವನೂ ಈಚೆಗೆ ಪ್ಯಾಕೆಟ್ಟನ್ನು ಬಾಗಿಲಿನ ಚೀಲದೊಳಗೆ ಹಾಕಿ ಹೊರಟುಬಿಡುತ್ತಿದ್ದ.

ಊರಿನ ಹಳಬರು ಜೀನತ್‌ಳ ಮನೆಯವರನ್ನು ‘ದೊರೆ ಮನೆಯವರು’ ಅನ್ನುತ್ತಿದ್ದರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಆಕೆಯ ಮುತ್ತಜ್ಜಿ ಚಾಂದ್ ಬಿ ನೂರಾ ಹದಿನೈದು ವರ್ಷದ ಹಿಂದೆ, ಎಡ್ಮಂಡ್ ಎಲ್ವರ್ಟನ್ ಎಂಬ ಕಾಡಿನ ಸಾಹೇಬನ ಬಂಗಲೆಯ ಹಿತ್ತಿಲಲ್ಲಿದ್ದ ಹೊರಮನೆಯಲ್ಲಿ ವಾಸವಾಗಿದ್ದಳು. ಸಾಹೇಬನಿಗೆ ಮದುವೆಯಾಗಿರಲಿಲ್ಲ. ಚಾಂದ್ ಬಿಗೆ ಹಲೀಮಾ ಹುಟ್ಟಿದ್ದು ಆ ಹೊರಮನೆಯಲ್ಲೇ. ಹಲೀಮಾಳ ಕಣ್ಣು ಬೂದು ಬಣ್ಣದವು. ಊರಿಗೆ ಅಷ್ಟು ಸಾಕಾಯಿತು.

ಆ ಬೂದು ಕಣ್ಣು ಹಲೀಮಾಳಿಂದ ಜೀನತ್‌ಳ ಅಪ್ಪನಿಗೆ ಬಂತು, ಅಪ್ಪನಿಂದ ಜೀನತ್‌ಳಿಗೆ. ಆರಿಫ್‌ಗೆ ಬರಲಿಲ್ಲ. ಅಜ್ಜಿ ಹಲೀಮಾ ಬದುಕಿದ್ದಷ್ಟು ದಿನ, ಯಾರು ಕೇಳಿದರೂ ಕೇಳದಿದ್ದರೂ, ಒಂದೇ ಮಾತು ಹೇಳುತ್ತಿದ್ದಳು. “ನಮ್ಮ ಅಬ್ಬಾ ದಾದಾಸಾಬ. ಕಾಡಿನ ಮರ ಸಾಗಿಸೋ ನಾಟಾ ಬಂಡಿ ಹೊಡೀತಿದ್ರು. ನಾನು ಹುಟ್ಟೂಕೆ ನಾಲ್ಕು ತಿಂಗಳು ಮೊದಲೇ ತೀರಿಹೋದ್ರು.” ಕೇಳಿದವರು ಹೌದು ಹೌದು ಎಂದು ತಲೆಯಾಡಿಸಿ, ಅಜ್ಜಿ ಆಚೆ ಹೋದಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಜೀನತ್ ಕೂಡ ಚಿಕ್ಕವಳಿದ್ದಾಗ ಹಾಗೆ ತಲೆಯಾಡಿಸಿದವಳೇ. ಪಾಪ, ಅಜ್ಜಿ ಮಾನ ಮುಚ್ಚಿಕೊಳ್ಳಲು ಹೇಳುತ್ತಾಳೆ ಎಂದು ಆಕೆ ಎಣಿಸಿದ್ದಳು. ಬಂಡಿ ಹೊಡೆಯುವ ದಾದಾಸಾಬನಿಗಿಂತ ಕುದುರೆ ಏರಿದ ಸಾಹೇಬನೇ ಮುತ್ತಜ್ಜ ಆಗಿರಲಿ ಎಂಬ ಆಸೆಯೂ ಒಳಗೊಳಗೇ ಇತ್ತು.

ಇಪ್ಪತ್ಮೂರರ ವಯಸ್ಸಿನಲ್ಲಿ ಹುಬ್ಬಳ್ಳಿಯ ಒಂದು ಮನೆಯ ಜೊತೆ ಆಕೆಯ ಮದುವೆ ಗೊತ್ತಾಯಿತು. ಹುಡುಗ ಬ್ಯಾಂಕಿನಲ್ಲಿದ್ದ, ಮಾತು ಕಡಿಮೆ. ಮಂಗ್ನಿ ಮುಗಿದು ಇಪ್ಪತ್ತು ದಿನಕ್ಕೆ ಹುಡುಗನ ಚಿಕ್ಕಪ್ಪನಿಂದ ಇನ್‌ಲ್ಯಾಂಡ್ ಪತ್ರ ಬಂತು. ‘ಖಾಂದಾನಿನ ವಿಚಾರ ತಿಳಿಯಿತು, ಮನ್ನಿಸಬೇಕು’ ಎಂದಷ್ಟೇ ಇತ್ತು. ಅಪ್ಪ ಅದನ್ನು ಓದಿ ಮಡಚಿ ಜೇಬಿಗೆ ಹಾಕಿಕೊಂಡು ಕೆಳಗೆ ಆಫೀಸಿಗೆ ಹೋದರು. ಆಮೇಲೆ ಒಂದೆರಡು ಕಡೆಯಿಂದ ಕೇಳಿಬಂತು. ಅವೂ ಒಂದಲ್ಲ ಒಂದು ಕಾರಣಕ್ಕೆ ಮುರಿದವು. ಎಲ್ಲದಕ್ಕೂ ಸಾಹೇಬನೇ ಕಾರಣವೋ, ತನ್ನ ನೌಕರಿಯೋ, ತನ್ನ ಮೊಂಡುತನವೋ ಎಂಬುದು ಜೀನತ್‌ಗೆ ಕೊನೆಗೂ ಸ್ಪಷ್ಟವಾಗಲಿಲ್ಲ. ಮೂವತ್ತು ದಾಟಿದ ಮೇಲೆ ಮನೆಯಲ್ಲಿ ಆ ಮಾತು ನಿಂತುಹೋಯಿತು.

ಎಲ್ವರ್ಟನ್ನರ ಹುಚ್ಚು ಹಿಡಿದದ್ದು ಧಾರವಾಡದಲ್ಲಿ. ಪರೀಕ್ಷೆಯ ಪೇಪರು ತಿದ್ದಲು ಹೋದವಳು ಸಂಜೆ ಹೊತ್ತು ಕಳೆಯಲೆಂದು ಒಂದು ಕಾಲೇಜಿನ ಲೈಬ್ರರಿಗೆ ಹೋಗಿದ್ದಳು. ಕೆಳಗಿನ ಕಪಾಟಿನಲ್ಲಿ ಇಂಗ್ಲೆಂಡಿನ ಜಮೀನ್ದಾರಿ ಮನೆತನಗಳ ವಂಶಾವಳಿಯ ದಪ್ಪ ಪುಸ್ತಕವೊಂದಿತ್ತು. ಸುಮ್ಮನೆ ‘ಇ’ ಅಕ್ಷರಕ್ಕೆ ತಿರುಗಿಸಿದಳು. ಎರಡು ಕಾಲಂ ಪೂರ್ತಿ ಎಲ್ವರ್ಟನ್ನರೇ. ಕೊನೆಯ ಕಡೆಗೆ ಒಂದು ಸಾಲು: ‘ಎಡ್ಮಂಡ್, ಮೂರನೆಯ ಮಗ, ಅರಣ್ಯ ಇಲಾಖೆ, ಅವಿವಾಹಿತ, ಯಲ್ಲಾಪುರದಲ್ಲಿ ಮರಣ, 1911.’ ತನ್ನ ಊರಿನ ಹೆಸರನ್ನು ಆ ಪುಸ್ತಕದಲ್ಲಿ ನೋಡಿ ಆಕೆ ಆ ಸಾಲನ್ನು ಮತ್ತೊಮ್ಮೆ ಓದಿದಳು. ‘ಅವಿವಾಹಿತ’ ಎಂಬ ಶಬ್ದದ ಮೇಲೆ ತುಂಬ ಹೊತ್ತು ಬೆರಳಿಟ್ಟುಕೊಂಡು ಕೂತಿದ್ದಳು.

ಅಲ್ಲಿಂದ ಮುಂದೆ ಸಿಕ್ಕಿದ್ದನ್ನೆಲ್ಲ ಓದಿದಳು. ಇಂಟರ್‌ನೆಟ್ ಬಂದ ಮೇಲಂತೂ ರಜೆಯ ದಿನಗಳು ಅದರಲ್ಲೇ ಕಳೆದವು. ಮೊದಲ ಎಲ್ವರ್ಟನ್ ಉಣ್ಣೆಯ ವ್ಯಾಪಾರಿ. ಇಂಗ್ಲೆಂಡಿನ ರಾಜ ದೇಶ ಬಿಟ್ಟು ಓಡಿದ್ದಾಗ ಅವನಿಗೆ ನೆರವಾಗಿ, ರಾಜ ಮರಳಿದ ಮೇಲೆ ಒಂಬತ್ತು ಸಾವಿರ ಎಕರೆ ಮತ್ತು ‘ಸರ್’ ಪದವಿ ಪಡೆದವನು. ಅವನ ಮೊಮ್ಮಗ ಎಪ್ಪತ್ತೆರಡು ಕೋಣೆಯ ಮನೆ ಕಟ್ಟಿಸಿದ. ಆ ಮನೆಯ ಕಿಟಕಿಯಿಂದ ಕೆರೆ ಕಾಣಬೇಕೆಂದು ಅವನ ಮಗ ಒಂದು ಹಳ್ಳಿಯನ್ನೇ ಎಬ್ಬಿಸಿ, ಮುಕ್ಕಾಲು ಮೈಲಿ ಆಚೆ ಕೂರಿಸಿ, ಆ ತಗ್ಗಿಗೆ ನೀರು ತುಂಬಿಸಿದ. ಇನ್ನೊಬ್ಬ ವೆಸ್ಟ್ ಇಂಡೀಸಿನಲ್ಲಿ ಕಬ್ಬಿನ ಜಮೀನು ಮಾಡಿ, ಗುಲಾಮರನ್ನು ದುಡಿಸಿ ಮನೆಗೆ ಮತ್ತೊಂದು ಭಾಗ ಸೇರಿಸಿದ. ಓದುತ್ತ ಜೀನತ್‌ಗೆ ಸಿಟ್ಟು ಬರುತ್ತಿತ್ತು. ಆದರೂ ಆ ಮನೆಯ ನಕ್ಷೆ ಸಿಕ್ಕ ದಿನ ಅದನ್ನು ಪ್ರಿಂಟ್ ತೆಗೆಸಿ ಕಪಾಟಿನ ಬಾಗಿಲಿನ ಒಳಗೆ ಅಂಟಿಸಿಕೊಂಡಳು. ಅಡುಗೆಮನೆಯಿಂದ ಊಟದ ಕೋಣೆಗೆ ಎಷ್ಟು ದೂರ, ಹೆಂಗಸರ ಮೆಟ್ಟಿಲು ಯಾವುದು, ಕೆಲಸದವರದ್ದು ಯಾವುದು, ಎಲ್ಲ ತಿಳಿದುಕೊಂಡಳು. ನಿದ್ದೆ ಬಾರದ ಮಧ್ಯಾಹ್ನಗಳಲ್ಲಿ ಮಲಗಿಕೊಂಡೇ ಆ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದಳು. ಅಲ್ಲಿಯೂ ಯಾರೂ ಎದುರಾಗುತ್ತಿರಲಿಲ್ಲ.

ನಿವೃತ್ತಿಯ ಮರುವರ್ಷ ಒಂದು ವೆಬ್‌ಸೈಟಿನಲ್ಲಿ ಪ್ರಕಟಣೆ ಕಂಡಳು. ಹ್ಯಾರಿಯಟ್ ಎಲ್ವರ್ಟನ್ ಎಂಬಾಕೆ ಮನೆತನದ ಚರಿತ್ರೆ ಬರೆಯುತ್ತಿದ್ದಾಳೆ, ತಿಳಿದವರು ಮಾಹಿತಿ ಕೊಡಬೇಕು ಎಂದಿತ್ತು. ಜೀನತ್ ಹನ್ನೊಂದು ದಿನ ಬರೆದು ಹರಿದು, ಕೊನೆಗೆ ಒಂದು ಪುಟದ ಮೇಲ್ ಕಳಿಸಿದಳು. ಉತ್ತರ ಮರುದಿನವೇ ಬಂತು. ‘ಎಡ್ಮಂಡ್ ನನ್ನ ಅಜ್ಜನ ತಮ್ಮ. ನಮ್ಮ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಏಕೆ ಎಂದು ಈಗ ಅರ್ಥವಾಗುತ್ತಿದೆ. ದಯವಿಟ್ಟು ಇನ್ನಷ್ಟು ಬರೆಯಿರಿ.’

ಏಳು ತಿಂಗಳು ಮೇಲ್‌ಗಳು ಹೋದವು, ಬಂದವು. ಆ ಜನವರಿಯಲ್ಲಿ ಎಂಬತ್ತೊಂದು ವರ್ಷದ ಹ್ಯಾರಿಯಟ್, ಊರುಗೋಲು ಹಿಡಿದು, ಗೋವಾದಲ್ಲಿ ವಿಮಾನ ಇಳಿದಳು. ಆರಿಫ್ ತಾನೇ ಕಾರು ತೆಗೆದುಕೊಂಡು ಹೋಗಿ ಕರೆತಂದ.

“ಆಪಾ, ಮುದುಕಿ ದಾರಿ ತುಂಬ ನನ್ನ ಮುಖಾನೇ ನೋಡ್ತಾ ಇತ್ತು,” ಎಂದ ಅವನು, ಹ್ಯಾರಿಯಟ್‌ಳನ್ನು ಲಾಡ್ಜಿಗೆ ಬಿಟ್ಟು ಬಂದು. “ಅವ್ರ ಪೈಕಿ ಯಾರದ್ದಾದ್ರೂ ಮೂಗು ನನಗಿದ್ಯಾ ಅಂತ ಹುಡುಕಿರಬೇಕು.”

“ಇದ್ಯಂತಾ?”

“ನಮ್ಮ ಮೂಗು ನಮ್ಮ ಅಮ್ಮೀದು. ನೀ ಸುಮ್ನೆ ಆಸೆ ಇಟ್ಕೋಬೇಡ ಆಪಾ.”

ಮೂರು ದಿನ ಮೂವರೂ ಓಡಾಡಿದರು. ಊರ ಹೊರಗೆ ಲಂಟಾನದ ಮಟ್ಟಿ ಬೆಳೆದ ಜಾಗದಲ್ಲಿ ನಾಲ್ಕಾರು ಹಳೆಯ ಇಂಗ್ಲಿಷ್ ಗೋರಿಗಳಿದ್ದವು. ಎಡ್ಮಂಡನ ಕಲ್ಲು ಎರಡು ತುಂಡಾಗಿತ್ತು. ಹ್ಯಾರಿಯಟ್ ಬಗ್ಗಲಾಗದೆ ಊರುಗೋಲಿನ ತುದಿಯಿಂದ ಅಕ್ಷರಗಳ ಮೇಲಿನ ಮಣ್ಣು ಕೆರೆದಳು. ಮೂವತ್ತೆರಡು ವರ್ಷ ಬದುಕಿದ್ದ ಎಂದು ಲೆಕ್ಕ ಹಾಕಿ ಗಟ್ಟಿಯಾಗಿ ಹೇಳಿದಳು. ಬಂಗಲೆ ಇದ್ದ ಜಾಗದಲ್ಲಿ ಈಗ ತಳಪಾಯದ ಕಲ್ಲುಗಳಷ್ಟೇ ಉಳಿದಿದ್ದವು.

ಎರಡನೆಯ ದಿನ ಸಿದ್ದಾಪುರಕ್ಕೆ ಹೋದರು. ಅಲ್ಲಿ ಔಷಧದ ಅಂಗಡಿ ಇಟ್ಟಿದ್ದ ವಿಘ್ನೇಶ್ವರ ಹೆಗಡೆ ಎಂಬವರ ಬಳಿ ಎಡ್ಮಂಡ್ ಸಹಿ ಮಾಡಿದ ಒಂದು ಕಾಗದವಿತ್ತು. ಅವರ ಮುತ್ತಜ್ಜನ ಬೆಟ್ಟದಲ್ಲಿ ಸೊಪ್ಪು ಕಡಿಯುವ ಹಕ್ಕಿಗೆ ಸಂಬಂಧಿಸಿದ್ದು. ಅಂಗಡಿಯ ಹಿಂದೆಯೇ ಮನೆ. ಹೆಗಡೆಯವರು ಒಳಗೆ ತಿರುಗಿ, “ಏ ಲಕ್ಷ್ಮೀ, ಚಾ ಇಡೆ ಸ್ವಲ್ಪ, ನೆಂಟ್ರು ಬೈಂದ,” ಎಂದು ಹೆಂಡತಿಗೆ ಕೂಗಿ, ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಕಾಗದವನ್ನು ತಂದು ತೋರಿಸಿದರು.

“ನಮ್ಮ ಅಜ್ಜ ಹೇಳ್ತಿದ್ರು, ಈ ಸಾಹೇಬ ಪಾಪದವನಂತೆ. ಒಂದು ಪೈಸೆ ತಿನ್ನಲಿಲ್ಲವಂತೆ,” ಎಂದರು. ಹ್ಯಾರಿಯಟ್ ಏನೆಂದು ಕೇಳಿದಾಗ ಜೀನತ್ ಇಂಗ್ಲಿಷಿನಲ್ಲಿ ತಿಳಿಸಿದಳು. ಹೆಗಡೆಯವರು ಜೀನತ್‌ಳ ಕಡೆ ನೋಡಿ ದನಿ ತಗ್ಗಿಸಿದರು. “ಟೀಚರೇ, ತಪ್ಪು ತಿಳೀಬೇಡಿ. ಒಂದು ಹೆಂಗಸಿನ ವಿಚಾರದಲ್ಲಿ ಮಾತ್ರ ಹೆಸರು ಕೆಡಿಸ್ಕೊಂಡ ಅಂತನೂ ಅಜ್ಜ ಹೇಳ್ತಿದ್ರು. ನಿಮಗೆ ಗೊತ್ತಿದ್ದಿದ್ದೇ ಅಲ್ವಾ?”

“ಗೊತ್ತು,” ಎಂದಳು ಜೀನತ್. ಅದನ್ನು ಹ್ಯಾರಿಯಟ್‌ಗೆ ಅನುವಾದ ಮಾಡಲಿಲ್ಲ. ಆರಿಫ್ ಚಹಾ ಮುಗಿಸದೆ ಎದ್ದು ಕಾರಿನ ಹತ್ತಿರ ಹೋಗಿ ನಿಂತ.

ಕೊನೆಯ ದಿನ ಹ್ಯಾರಿಯಟ್ ಟೈರ್ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲನ್ನು ಕಷ್ಟಪಟ್ಟು ಹತ್ತಿ ಜೀನತ್‌ಳ ಮನೆಗೆ ಬಂದಳು. ತೆರೆದಿದ್ದ ಕಪಾಟಿನ ಬಾಗಿಲಿನ ಒಳಗೆ ಅಂಟಿಸಿದ್ದ ಮನೆಯ ನಕ್ಷೆ ಆಕೆಯ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ನೋಡಿದಳು.

“ಇದು ನಾನು ಮಲಗುತ್ತಿದ್ದ ಕೋಣೆ,” ಎಂದು ಬೆರಳಿಟ್ಟಳು. “ಈಗ ಅದರ ನಂಬರು ಇಪ್ಪತ್ತಾರು. ಮನೆ ಹೋಟೆಲ್ ಆಗಿದೆ, ನಿಮಗೆ ಗೊತ್ತಲ್ಲ. ಅಪ್ಪ ಸತ್ತಾಗ ತೆರಿಗೆಗೆಂದು ಅರ್ಧ ಜಮೀನು ಹೋಯಿತು, ಅಣ್ಣ ಉಳಿದದ್ದನ್ನು ಮಾರಿದ. ಅಣ್ಣನಿಗೂ ಮಕ್ಕಳಿರಲಿಲ್ಲ. ನಾನು ಗೇಟಿನ ಹತ್ತಿರ ತೋಟದವನ ಮನೆಯಲ್ಲಿದ್ದೇನೆ. ಒಂದು ಸಲ ನನ್ನ ಹುಟ್ಟುಹಬ್ಬಕ್ಕೆ ನಾನೇ ಹೋಗಿ ಅಲ್ಲಿ ಚಹಾ ಕುಡಿದೆ. ಅಲ್ಲಿ ಬಡಿಸುವ ಹುಡುಗಿ, ಮೊದಲ ಸಲ ಬರುತ್ತಿದ್ದೀರಾ ಎಂದು ಕೇಳಿದಳು.”

“ನೀವೇನು ಹೇಳಿದಿರಿ?”

“ಹೌದು ಅಂದೆ. ಇಲ್ಲ ಎಂದಿದ್ದರೆ ತುಂಬ ಹೇಳಬೇಕಾಗುತ್ತಿತ್ತು.”

ಜೀನತ್ ಒಲೆಯ ಮೇಲೆ ಶೀರ್‌ಖುರ್ಮಾ ಬಿಸಿಗಿಟ್ಟಿದ್ದಳು. ಅದನ್ನು ತಿರುವಲು ಎದ್ದಳು. ಹ್ಯಾರಿಯಟ್ ಅಷ್ಟರಲ್ಲಿ ಕೈಚೀಲದಿಂದ ಹತ್ತಿಯ ಕಡ್ಡಿಗಳಿದ್ದ ಎರಡು ಚಿಕ್ಕ ಪ್ಲಾಸ್ಟಿಕ್ ಕೊಳವೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಡಿಎನ್‌ಎ ಪರೀಕ್ಷೆಯ ಸರಂಜಾಮು. ಕೆನ್ನೆಯ ಒಳಗಡೆ ಸವರಿ ಕೊಟ್ಟರೆ ತಾನೇ ಊರಿಗೆ ಹೋಗಿ ಪರೀಕ್ಷೆಗೆ ಕಳಿಸುವುದಾಗಿ ಹೇಳಿದಳು.

“ನನಗೆ ಇದು ಬೇಕಾಗಿಲ್ಲ,” ಎಂದಳು. “ನಿಮ್ಮ ಕಣ್ಣು ನೋಡಿದರೆ ಸಾಕು. ಆದರೆ ಪುಸ್ತಕದಲ್ಲಿ ಹಾಕಬೇಕಾದರೆ ಸಾಕ್ಷಿ ಬೇಕು. ಜೀನತ್, ನನ್ನ ನಂತರ ಯಾರೂ ಇಲ್ಲ. ಮುನ್ನೂರೈವತ್ತು ವರ್ಷದ ಪಟ್ಟಿಯನ್ನು ಬರೆದು ಬರೆದು ಕೊನೆಗೆ ನನ್ನ ಹೆಸರಿನ ಕೆಳಗೆ ಗೆರೆ ಎಳೆಯಬೇಕು. ಅದಕ್ಕೆ ಬದಲು ಎಡ್ಮಂಡನ ಕೆಳಗೆ ನಿಮ್ಮನ್ನೆಲ್ಲ ಬರೆಯಬಹುದು ಎಂದುಕೊಂಡೇ ಇಷ್ಟು ದೂರ ಬಂದೆ.”

ಜೀನತ್ ಕೊಳವೆಯನ್ನು ತೆಗೆದುಕೊಂಡು ಕನ್ನಡಿಯ ಮುಂದೆ ಹೋಗಿ ಕಡ್ಡಿಯಿಂದ ಕೆನ್ನೆಯ ಒಳಗೆ ಸವರಿದಳು. ಹೊರಡುವಾಗ ಹ್ಯಾರಿಯಟ್ ಆಕೆಯ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಷ್ಟು ಹೊತ್ತು ಯಾರಾದರೂ ತನ್ನ ಕೈ ಹಿಡಿದು ಎಷ್ಟು ವರ್ಷವಾಯಿತೆಂದು ಜೀನತ್ ಆಮೇಲೆ ಯೋಚಿಸಿದಳು.

ಮಾರ್ಚ್ ಮೊದಲ ವಾರ ಮೇಲ್ ಬಂತು. ಬಹಳ ಚಿಕ್ಕದು. ‘ಫಲಿತಾಂಶ ಬಂದಿದೆ, ಜೊತೆಗಿಟ್ಟಿದ್ದೇನೆ. ನಮ್ಮಿಬ್ಬರ ನಡುವೆ ಯಾವ ಸಂಬಂಧವೂ ಇಲ್ಲವಂತೆ. ನಿಮ್ಮಲ್ಲಿ ಯುರೋಪಿನ ಅಂಶವೇ ಇಲ್ಲ ಎಂದು ಬರೆದಿದ್ದಾರೆ. ಏನು ಹೇಳಬೇಕೋ ತಿಳಿಯುತ್ತಿಲ್ಲ. ಹ್ಯಾರಿಯಟ್.’

ಜೀನತ್ ಜೊತೆಗಿದ್ದ ಹಾಳೆಯನ್ನು ತೆರೆದು ನೋಡಿದಳು. ಬಣ್ಣದ ಒಂದು ಭೂಪಟ. ದಖ್ಖನ್ ಪ್ರದೇಶದ ಮೇಲೆ ದಟ್ಟ ಬಣ್ಣ, ಉತ್ತರದಲ್ಲಿ ಇನ್ನೊಂದಿಷ್ಟು. ಇಂಗ್ಲೆಂಡ್ ಖಾಲಿಯಾಗಿತ್ತು. ತನ್ನದೇನೂ ತಪ್ಪಿಲ್ಲದಿದ್ದರೂ, ಸುಳ್ಳು ಹೇಳಿ ಎಂಬತ್ತು ದಾಟಿದ ಮುದುಕಿಯೊಬ್ಬಳನ್ನು ಸಮುದ್ರ ದಾಟಿಸಿ ಕರೆಸಿಕೊಂಡಂತೆ ಆಕೆಗೆ ನಾಚಿಕೆಯಾಯಿತು. ‘ಕ್ಷಮಿಸಿ’ ಎಂದು ಒಂದೇ ಶಬ್ದ ಬರೆದು ಕಳಿಸಿದಳು. ಅದಕ್ಕೆ ಉತ್ತರ ಬರಲಿಲ್ಲ.

ಮುಂದಿನ ತಿಂಗಳು ಆರಿಫ್ ಬಂದಾಗ ಕಪಾಟಿನಲ್ಲಿ ನಕ್ಷೆ ಇರಲಿಲ್ಲ. ಫಲಿತಾಂಶದ ಪ್ರಿಂಟ್ ನೋಡಿ ಅವನು ಖುಷಿಪಟ್ಟ.

“ಒಳ್ಳೇದಾಯ್ತು ಬಿಡು ಆಪಾ. ನಮ್ಮ ಮೇಲಿನ ಕಳಂಕ ಹೋಯ್ತು. ಇನ್ಮೇಲೆ ಯಾರಾದ್ರೂ ಬಾಯಿ ಬಿಟ್ರೆ ಈ ಕಾಗದ ಮುಖದ ಮೇಲೆ ಹಿಡೀತೇನೆ.”

“ಯಾರಿಗೆ ಹಿಡೀತೀಯಾ?” ಎಂದಳು ಜೀನತ್. “ಹೇಳ್ತಿದ್ದವರೆಲ್ಲ ಸತ್ತುಹೋದ್ರು. ನಿನ್ನ ಮಕ್ಕಳ ಹತ್ತಿರ ಯಾರಾದ್ರೂ ಈ ಮಾತು ಎತ್ತಿದ್ದಾರಾ?”

“ಇಲ್ಲ.”

“ಹುಬ್ಬಳ್ಳಿಗೆ ತಗೊಂಡು ಹೋಗ್ತೀಯಾ?”

ಆರಿಫ್ ಕಾಗದ ಮಡಚಿ ಮೇಜಿನ ಮೇಲಿಟ್ಟ. “ಶಿರಸಿಗೆ ಬಂದ್ಬಿಡು ಆಪಾ. ಉಜ್ಮಾನೂ ಹೇಳ್ತಿದ್ಲು, ಮೇಲಿನ ರೂಮು ಖಾಲಿ ಇದೆ ಅಂತ,” ಎಂದ. ತನ್ನ ಹೆಂಡತಿ ಉಜ್ಮಾ ಹಾಗೆ ಹೇಳಿರಲಿಲ್ಲ ಎಂಬುದು ಅವನ ದನಿಯಲ್ಲೇ ತಿಳಿಯುತ್ತಿತ್ತು. ಜೀನತ್ ನೋಡೋಣ ಎಂದಳು. ಅವನು ಹೋದ ಮೇಲೆ ಮಲಗಿ, ಅಭ್ಯಾಸದಂತೆ ಆ ದೊಡ್ಡ ಮನೆಯ ಬಾಗಿಲವರೆಗೆ ಹೋದಳು. ಒಳಗೆ ಹೋಗಲು ಮನಸ್ಸಾಗಲಿಲ್ಲ. ತಾನು ಯಾರೆಂದು ಹೇಳಿಕೊಂಡು ಹೋಗಬೇಕು? ಅಂದಿನಿಂದ ಮಧ್ಯಾಹ್ನಗಳು ಇನ್ನೂ ಉದ್ದವಾದವು.

ಜುಲೈ ಕೊನೆಗೆ ಪೋಸ್ಟ್‌ಮನ್ ಚನ್ನಯ್ಯ ಕೆಳಗಿನಿಂದಲೇ ಕೂಗಿದ. “ಟೀಚರ್, ಫಾರಿನ್ನಿಂದ ರಿಜಿಸ್ಟರ್ ಬಂದೈತ್ರಿ. ಸೈನ್ ಮಾಡಬೇಕು, ಬರ್ರಿ ಕೆಳಗ.” ದಪ್ಪ ಲಕೋಟೆ. ಒಳಗೆ ಹಳೆಯ ಕೈಬರಹದ ಜೆರಾಕ್ಸ್ ಪ್ರತಿಗಳಿದ್ದವು, ಮೇಲೆ ಹ್ಯಾರಿಯಟ್‌ಳ ಪತ್ರ.

‘ಪ್ರಿಯ ಜೀನತ್, ಇಷ್ಟು ದಿನ ಬರೆಯದೆ ಇದ್ದದ್ದು ನನ್ನ ಸಣ್ಣತನ. ನಾನು ಒಬ್ಬ ಸಂಬಂಧಿಯನ್ನು ಕಳೆದುಕೊಂಡೆ ಎಂದು ಅಳುತ್ತ ಕೂತಿದ್ದೆ. ನೀವೂ ಕಳೆದುಕೊಂಡಿರಿ ಎಂಬುದು ತಲೆಗೆ ಹೋಗಲಿಲ್ಲ. ನಮ್ಮ ವಕೀಲರು ದಾಖಲೆ ಕಚೇರಿಗೆ ಒಪ್ಪಿಸಿದ್ದ ಒಂದು ಪೆಟ್ಟಿಗೆಯನ್ನು ಕಳೆದ ತಿಂಗಳು ನೋಡಿದೆ. ಅದರಲ್ಲಿ ಎಡ್ಮಂಡ್ ತನ್ನ ತಂಗಿ ಕ್ಯಾರಲೈನ್‌ಗೆ ಬರೆದ ಏಳು ಪತ್ರಗಳಿದ್ದವು. ಒಂದೂ ಒಡೆದಿರಲಿಲ್ಲ. ಮೇಲಿನ ಚೀಟಿಯಲ್ಲಿ ನನ್ನ ಮುತ್ತಜ್ಜನ ಅಕ್ಷರದಲ್ಲಿ, “ಇವನ ಪತ್ರಗಳನ್ನು ಮನೆಯವರಿಗೆ ಕೊಡಕೂಡದು” ಎಂದಿತ್ತು. ನೂರಾ ಹದಿನಾಲ್ಕು ವರ್ಷದ ಮೇಲೆ ಕಚೇರಿಯವರ ಎದುರಿಗೆ ನಾನು ಅವನ್ನು ಒಡೆದೆ. ಎರಡನೆಯದನ್ನು ಮೊದಲು ಓದಿ.’

ಜೀನತ್ ಎರಡನೆಯದನ್ನು ತೆಗೆದಳು. ಬರಹ ಓರೆಯಾಗಿತ್ತು, ಶಾಯಿ ಹರಡಿತ್ತು. ಮೂರು ಸಲ ಓದಿದ ಮೇಲೆ ಪೂರ್ತಿ ಹಿಡಿತಕ್ಕೆ ಸಿಕ್ಕಿತು.

‘ಕ್ಯಾರಿ, ಕಾರವಾರದಿಂದ ಯಾವಳೋ ಇಂಗ್ಲಿಷ್ ಹೆಂಗಸು ಅಮ್ಮನಿಗೆ ಏನು ಬರೆದಿದ್ದಾಳೆಂದು ನನಗೆ ಗೊತ್ತು. ನಡೆದದ್ದು ಇಷ್ಟು. ಮಳೆ ಹಿಡಿದಿದ್ದರೂ ಸಾಗವಾನಿ ದಿಮ್ಮಿಗಳನ್ನು ಆ ದಿನವೇ ಏರಿಸಬೇಕೆಂದು ನಾನು ಹಟ ಮಾಡಿದೆ. ದಾದಾಸಾಬ ಎಂಬ ಬಂಡಿಯವನು ಬೇಡ ಸಾಹೇಬ, ನೆಲ ಜಾರುತ್ತದೆ ಅಂದ. ನಾನು ಕೇಳಲಿಲ್ಲ. ದಿಮ್ಮಿ ಉರುಳಿ ಅವನ ಮೇಲೆ ಬಿತ್ತು. ಸಂಜೆವರೆಗೆ ಜೀವವಿತ್ತು. ಅವನ ಹೆಂಡತಿಗೆ ಐದು ತಿಂಗಳು. ಅವಳಿಗೆ ಹೋಗಲು ಯಾವ ಮನೆಯೂ ಇರಲಿಲ್ಲ, ಹಿತ್ತಿಲ ಮನೆಯಲ್ಲಿ ಇರು ಅಂದೆ. ಮಗು ಹುಟ್ಟಿದೆ, ಅಪ್ಪನ ಹಾಗೇ ಬೂದು ಕಣ್ಣು. ಅವಳನ್ನು ಓಡಿಸಿದರೆ ಮಾತ್ರ ಮನೆಗೆ ಬರಬಹುದು ಎಂದು ಅಪ್ಪ ಬರೆದಿದ್ದಾರೆ. ನಿಜವೇನು ಎಂದು ಅವರು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. ಅವಳ ಗಂಡನನ್ನು ಕೊಂದವನು ನಾನು. ಅವಳನ್ನು ಬೀದಿಗೆ ಹಾಕಿ ನಮ್ಮ ಊಟದ ಮೇಜಿಗೆ ಬಂದು ಕೂರಲಾರೆ. ನೀನಾದರೂ ನಂಬುತ್ತೀ ತಾನೇ?’

ಜೀನತ್ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಜ್ಜಿ ಹಲೀಮಾ ಸಾಯುವ ಹಿಂದಿನ ವರ್ಷ, ಆಗ ಜೀನತ್ ಮೂವತ್ತರವಳು, ಇದೇ ಕೋಣೆಯಲ್ಲಿ ಕೂತು, “ಬೇಟಿ, ನೀನಾದ್ರೂ ನಂಬ್ತೀಯಾ? ನಮ್ಮ ಅಬ್ಬಾ ದಾದಾಸಾಬ,” ಎಂದಿದ್ದಳು. ಜೀನತ್ ಆಗಲೂ ಹೌದು ದಾದಿ ಎಂದು ತಲೆಯಾಡಿಸಿದ್ದಳು. ಆ ತಲೆಯಾಡಿಸುವಿಕೆಯ ಅರ್ಥ ಅಜ್ಜಿಗೆ ತಿಳಿಯದಿರಲು ಸಾಧ್ಯವೇ ಇರಲಿಲ್ಲ. ಎಂಬತ್ತೈದು ವರ್ಷ ನಿಜ ಹೇಳಿ, ಮೊಮ್ಮಗಳೂ ನಂಬದೆ ಹೋದವಳು. ಜೀನತ್ ಅತ್ತಳು. ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರದ ಸದ್ದಿತ್ತು, ಯಾರಿಗೂ ಕೇಳಿಸಲಿಲ್ಲ.

ಆರಿಫ್‌ಗೆ ಫೋನ್ ಮಾಡಿ ಓದಿ ಹೇಳಿದಳು.

“ದಾದಾಸಾಬನ ಕಬರ್ ಎಲ್ಲಿದೆ ಆಪಾ?”

“ಗೊತ್ತಿಲ್ಲ. ಹುಡುಕಲೇ ಇಲ್ಲವಲ್ಲ ನಾವು.”

ಆ ಶುಕ್ರವಾರ ನಮಾಜಿನ ನಂತರ ಅವನು ಯಲ್ಲಾಪುರದ ಕಬರಸ್ತಾನಕ್ಕೆ ಹೋಗಿ ವಿಚಾರಿಸಿದ. ಅಷ್ಟು ಹಳೆಯ ಗೋರಿಗಳ ಗುರುತು ಯಾರಿಗೂ ಇರಲಿಲ್ಲ. ಮೂಲೆಯಲ್ಲಿ ಹೆಸರಿಲ್ಲದ ಕಲ್ಲುಗಳ ಸಾಲಿನ ಮುಂದೆ ನಿಂತು ಫಾತಿಹಾ ಓದಿ ಬಂದ. ಯಾವ ಕಲ್ಲಿಗೆ ಓದಿದೆನೋ ಅಲ್ಲಾಹನಿಗೇ ಗೊತ್ತು ಎಂದ.

ಜೀನತ್ ಹ್ಯಾರಿಯಟ್‌ಗೆ ಉದ್ದದ ಮೇಲ್ ಬರೆದಳು. ಅಜ್ಜಿಯ ಮಾತನ್ನು ತಾನು ನಂಬದೆ ಇದ್ದದ್ದನ್ನೂ ಬರೆದಳು. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಕೊನೆಯಲ್ಲಿ ಒಂದು ಬೇಡಿಕೆ ಇಟ್ಟಳು: ‘ನಿಮ್ಮ ಪುಸ್ತಕದಲ್ಲಿ ಎಡ್ಮಂಡನ ಕೆಳಗೆ ನಮ್ಮ ಹೆಸರು ಬೇಡ. ಆದರೆ ದಾದಾಸಾಬ ಹೇಗೆ ಸತ್ತ ಎಂಬುದು ಅದರಲ್ಲಿರಲಿ. ಅವನ ಹೆಸರು ಬೇರೆಲ್ಲೂ ಬರೆದಿಲ್ಲ.’

ಹ್ಯಾರಿಯಟ್ ಒಪ್ಪಿದಳು. ಆದರೆ ಬರೆಯುವುದು ಈಗ ಕಷ್ಟವಾಗಿತ್ತು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಮಂಜಾಗುತ್ತಿತ್ತು. ಹಾಗಾಗಿ ಎಡ್ಮಂಡನ ಅಧ್ಯಾಯವನ್ನು ಜೀನತ್‌ಳೇ ಬರೆದುಕೊಡುವುದೆಂದಾಯಿತು. ನವೆಂಬರ್‌ವರೆಗೆ ಬರೆದಳು. ಏಳನೆಯ ಪತ್ರ ಎಡ್ಮಂಡ್ ಸಾಯುವ ಎರಡು ವಾರ ಮೊದಲಿನದು. ಜ್ವರದಲ್ಲಿ ಚಾಂದ್ ಬಿ ಗಂಜಿ ಕುಡಿಸುತ್ತಿದ್ದಾಳೆ, ಮಗು ಹಾಸಿಗೆಯ ಕೆಳಗೆ ಆಡುತ್ತಿದೆ ಎಂದಿತ್ತು. ಆ ಪತ್ರವನ್ನು ಕನ್ನಡಕ್ಕೂ ಅನುವಾದ ಮಾಡಿಕೊಂಡಳು, ಯಾರಿಗೆ ಎಂದು ತಿಳಿಯದಿದ್ದರೂ.

ಪುಸ್ತಕ ಇನ್ನೂರು ಪ್ರತಿ ಅಚ್ಚಾಯಿತು. ಒಂದು ಪ್ರತಿ ಯಲ್ಲಾಪುರಕ್ಕೆ ಬರುವ ಹೊತ್ತಿಗೆ ಹ್ಯಾರಿಯಟ್ ತೋಟದವನ ಮನೆ ಬಿಟ್ಟು ವೃದ್ಧಾಶ್ರಮ ಸೇರಿದ್ದಳು. ಅಲ್ಲಿಂದ ಭಾನುವಾರ ಫೋನ್ ಮಾಡಲು ಶುರು ಮಾಡಿದಳು. ಇಲ್ಲಿ ಮಧ್ಯಾಹ್ನ ಮೂರೂವರೆ, ಅಲ್ಲಿ ಬೆಳಗ್ಗೆ ಹತ್ತು. ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ. ಇವತ್ತು ಏನು ಊಟ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅಲ್ಲಿನ ನರ್ಸು ತನ್ನನ್ನು ‘ಡಾರ್ಲಿಂಗ್’ ಎನ್ನುತ್ತಾಳೆ, ಹೆಸರು ಕರೆಯುವುದಿಲ್ಲ ಎಂದು ಹ್ಯಾರಿಯಟ್ ದೂರುತ್ತಿದ್ದಳು. ಜೀನತ್ ಪ್ರತಿ ಸಲವೂ ಬೇಕೆಂದೇ ಎರಡು ಮೂರು ಸಲ ಹೆಸರು ಹಿಡಿದು ಕರೆಯುತ್ತಿದ್ದಳು.

ಫೆಬ್ರವರಿಯ ಒಂದು ಭಾನುವಾರ ಹ್ಯಾರಿಯಟ್‌ಳ ದನಿ ತೀರ ಕ್ಷೀಣವಾಗಿತ್ತು.

“ಜೀನತ್, ಈಗ ಪುಸ್ತಕ ಹಿಡಿದರೆ ಬಿಳಿ ಹಾಳೆ ಕಾಣುತ್ತದೆ ಅಷ್ಟೇ. ಒಂದು ಪತ್ರ ಓದುತ್ತೀರಾ?”

“ಯಾವುದು ಓದಲಿ ಹ್ಯಾರಿಯಟ್?”

“ನಾಲ್ಕನೆಯದು. ಅದರಲ್ಲಿ ಏನೂ ಆಗುವುದಿಲ್ಲ.”

ಜೀನತ್ ಫೋನನ್ನು ಸ್ಪೀಕರಿಗೆ ಹಾಕಿ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ತರಗತಿಯಲ್ಲಿ ಓದುತ್ತಿದ್ದ ಹಾಗೆ ನಿಧಾನವಾಗಿ ಓದತೊಡಗಿದಳು. ಎಡ್ಮಂಡ್ ಮನೆಯ ನಾಯಿ ಬದುಕಿದೆಯೇ ಎಂದು ಕೇಳಿದ್ದ. ಸೇಬಿನ ಗಿಡಗಳಿಗೆ ಈ ವರ್ಷ ಹೂ ಬಂತೇ ಎಂದು ಕೇಳಿದ್ದ. ಮೂರು ತಿಂಗಳಿಂದ ಇಂಗ್ಲಿಷಿನಲ್ಲಿ ಮಾತಾಡಲು ಯಾರೂ ಸಿಕ್ಕಿಲ್ಲ, ಅದಕ್ಕೆ ಕುದುರೆಯ ಜೊತೆ ಮಾತಾಡುತ್ತೇನೆ ಎಂದು ಬರೆದಿದ್ದ. ಎರಡನೆಯ ಪುಟಕ್ಕೆ ಬರುವಾಗ ಫೋನಿನಿಂದ ನಿಧಾನದ ಉಸಿರು ಕೇಳಿಸುತ್ತಿತ್ತು.

“ಹ್ಯಾರಿಯಟ್?” ಎಂದು ಮೆಲ್ಲಗೆ ಕರೆದಳು. ಮುದುಕಿಗೆ ನಿದ್ದೆ ಹತ್ತಿತ್ತು.

ಇನ್ನೂ ಒಂದೂವರೆ ಪುಟ ಉಳಿದಿತ್ತು. ಜೀನತ್ ದನಿ ಸ್ವಲ್ಪ ತಗ್ಗಿಸಿ ಮುಂದಿನ ಸಾಲು ಓದಿದಳು.